ಓಟದ ತೂಕ

ನಮ್ಮೂರಿನಲ್ಲಿ ಓಡಿ ಬರುವವರನ್ನು ಯಾರೂ ಅಡ್ಡ ನಿಂತು ತಡೆಯುವುದಿಲ್ಲ. ನಿಂತಾಗ ಐವತ್ತು ಕಿಲೋ ಇರುವ ಮನುಷ್ಯ ಓಟಕ್ಕೆ ಬಿದ್ದರೆ ಐವತ್ತೈದು, ಎದ್ದೆನೋ ಬಿದ್ದೆನೋ ಎಂದು ಓಡಿದರೆ ಅರವತ್ತು, ಹಳಿಯ ಮೇಲೆ ಕಾಲಿನಿಂದ ತುಳಿದು ಓಡಿಸುವ ತುಳಿಬಂಡಿ ಹತ್ತಿ ಹೊರಟರೆ ಎಪ್ಪತ್ತೈದು. ಅದಕ್ಕೇ ನಮ್ಮ ಮೂಲೆಮನೆಗಳ ಗೋಡೆ ಮೂರು ಮೊಳ ದಪ್ಪ. ಶಾಲೆಯ ಬಾಗಿಲಿಗೆ ಹಲಗೆಯೇ ಇಲ್ಲ, ಹತ್ತಿ ತುಂಬಿದ ಚೀಲಗಳನ್ನು ಇಳಿಬಿಟ್ಟಿದ್ದಾರೆ. ಗಡಿಗೆ ಮಾರುವ ಓಣಿಯ ಬಾಯಲ್ಲಿ 'ದಯವಿಟ್ಟು ನಡೆದು ಬನ್ನಿ' ಎಂದು ಕೆತ್ತಿದ ಕಲ್ಲು ನೆಟ್ಟಿದ್ದಾರೆ. ಮದುವೆಯಲ್ಲಿ ವರ ಚಪ್ಪರದ ಮುಂದೆ ಓಡಿ ಬರುವಾಗ ಹುಡುಗಿಯ ಸೋದರಮಾವ ಪಕ್ಕದಿಂದ ಒಂದು ಭುಜ ಕೊಟ್ಟು ನೋಡುತ್ತಾನೆ. ವರ ಅಲುಗದಿದ್ದರೆ ತೂಕದ ಹುಡುಗ ಎಂದು ಹೊಗಳುತ್ತಾರೆ, ಮುಗ್ಗರಿಸಿದರೆ ಊಟ ಮುಗಿಯುವವರೆಗೂ ಅದೇ ಮಾತು.

ವೇಗಕ್ಕೊಂದು ಮಿತಿ ಇದೆ. ಅದನ್ನು ಯಾರೂ ಮುಟ್ಟಿಲ್ಲ. ಹತ್ತಿರ ಹೋದಷ್ಟೂ ನೀವು ಹಾಕಿದ ಶಕ್ತಿ ವೇಗಕ್ಕೆ ಸೇರುವುದು ಕಡಿಮೆಯಾಗಿ ತೂಕಕ್ಕೆ ಸೇರುವುದು ಹೆಚ್ಚಾಗುತ್ತದೆ. ಹಟಮಾರಿಗಳು ಪ್ರತಿ ವರ್ಷ ಪ್ರಯತ್ನ ಮಾಡುತ್ತಾರೆ, ಬೆವರು ಒರೆಸಿಕೊಂಡು ಮನೆಗೆ ಹೋಗುತ್ತಾರೆ.

ನನ್ನ ಹೆಸರು ತುಳಜವ್ವ. ಊರಿಗೂ ಸುಣ್ಣದ ಗೂಡುಗಳಿಗೂ ನಡುವೆ, ಹಳಿಯ ಪಕ್ಕದಲ್ಲಿರುವ ತಳ್ಳುಗಂಬದಲ್ಲಿ ಮೂವತ್ತು ವರ್ಷದಿಂದ ತೂಕ ಓದುವವಳು ನಾನು. ಓಡುವ ವಸ್ತುವನ್ನು ತಕ್ಕಡಿಯಲ್ಲಿ ಕೂರಿಸಲು ಆಗುವುದಿಲ್ಲವಲ್ಲ, ಅದಕ್ಕೆ ತಳ್ಳಿ ನೋಡಬೇಕು. ತುಳಿಬಂಡಿಯಲ್ಲಿ ಸರಪಳಿಗೆ ಕಟ್ಟಿದ ಒಂದು ತೂಗುಮಂಚ ಇರುತ್ತದೆ. ಬಂಡಿ ಹಾದುಹೋಗುವಾಗ ನನ್ನ ಕಂಬದ ಸ್ಪ್ರಿಂಗ್ ತೋಳು ಆ ಮಂಚಕ್ಕೆ ಪಕ್ಕದಿಂದ ಅಳತೆ ಮಾಡಿದ ಒಂದೇ ಒಂದು ತಳ್ಳು ಕೊಡುತ್ತದೆ. ಮಂಚದ ಅಂಚಿಗೆ ಕಟ್ಟಿದ ಸುಣ್ಣದ ಕಡ್ಡಿ ನನ್ನ ಉದ್ದನೆಯ ಸ್ಲೇಟಿನ ಮೇಲೆ ಗೆರೆ ಎಳೆಯುತ್ತದೆ. ಹಗುರವಾದದ್ದು ಹೆಚ್ಚು ದೂರ ತೂಗಾಡುತ್ತದೆ, ಗೆರೆ ಉದ್ದ. ಭಾರವಾದದ್ದು ಜಗ್ಗುವುದಿಲ್ಲ, ಗೆರೆ ಗಿಡ್ಡ. ಗೆರೆ ನೋಡಿ ಕಿಲೋ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಹುಟ್ಟಿಲ್ಲ ಎಂದು ನಾನೇ ಹೇಳುತ್ತಿದ್ದೆ. ಬೇರೆಯವರು ಹೇಳಲಿ ಎಂದು ಕಾಯುವ ತಾಳ್ಮೆ ನನಗಿಲ್ಲ. ಆದರೆ ಇಷ್ಟು ವರ್ಷ ಓಡುವವರನ್ನು ತೂಗಿದ ನಾನು ಒಂದು ದಿನವೂ ಬಂಡಿ ಹತ್ತಿರಲಿಲ್ಲ. ಕೂತ ಜಾಗದಿಂದಲೇ ಎಲ್ಲ ಕಾಣುವಾಗ ಹತ್ತಬೇಕಾದದ್ದಾದರೂ ಏಕೆ?

"ಅಕ್ಕಾ, ಒಂದ್ಸಲ ಹತ್ತಿ ನೋಡು. ನಿನ್ನ ಕಂಬ ಹೆಂಗ ಕಾಣ್ತೈತಿ ಅಂತ ನಿನಗ ಗೊತ್ತಾಗ್ಲಿ," ಎಂದು ತಂಗಿ ಕಾಶವ್ವ ಕೀಟಲೆ ಮಾಡುತ್ತಿದ್ದಳು. ಅವಳು ಸುಣ್ಣದ ಗೂಡಿನಲ್ಲಿ ಕಲ್ಲು ಆರಿಸುವ ಕೆಲಸದವಳು. ನಾವಿಬ್ಬರೇ ಒಂದು ಮನೆಯಲ್ಲಿ ಇರುವವರು. ರೊಟ್ಟಿ ಅವಳು ಬಡಿಯುತ್ತಾಳೆ, ಪಲ್ಯ ನಾನು ಮಾಡುತ್ತೇನೆ, ಜಗಳ ಇಬ್ಬರೂ ಸೇರಿ ಮಾಡುತ್ತೇವೆ. ತೂಕ ಮಾಡಿಸಿಕೊಳ್ಳಲು ಮಾತ್ರ ಅವಳು ಒಪ್ಪುತ್ತಿರಲಿಲ್ಲ. "ಊರಿಗೆಲ್ಲಾ ಹೇಳಿ ಬರ್ತೀ ನೀನು," ಎಂದು ತಪ್ಪಿಸಿಕೊಳ್ಳುತ್ತಿದ್ದಳು. ಅದು ಸುಳ್ಳೇನೂ ಅಲ್ಲ.

ಗೂಡಿನ ಕಲ್ಲುಗಳ ಸಂದಿಯಲ್ಲಿ ಕರಿಗೊಂಡೆ ಎಂಬ ಹುಳು ಇದೆ. ಅದು ಕಚ್ಚಿದರೆ ಮುಕ್ಕಾಲು ಗಂಟೆ, ಅಷ್ಟೇ. ಅದಕ್ಕಿರುವ ಮದ್ದು ಕಹಿಹನಿ. ಕಿಲೋಗೆ ಒಂದು ಹನಿ, ಒಂದೇ ಗುಟುಕಿಗೆ ಕುಡಿಸಬೇಕು, ಒಮ್ಮೆ ಕುಡಿಸಿದ ಮೇಲೆ ಮತ್ತೆ ಕೊಡುವಂತಿಲ್ಲ. ಹತ್ತಿಪ್ಪತ್ತು ಹನಿ ಕಡಿಮೆಯಾದರೆ ವಿಷ ಇಳಿಯುವುದಿಲ್ಲ, ಹತ್ತಿಪ್ಪತ್ತು ಹೆಚ್ಚಾದರೆ ಮದ್ದೇ ಉಸಿರು ಕಟ್ಟಿಸುತ್ತದೆ. ಕುಡಿಸಿದ ಕೂಡಲೇ ಆಸ್ಪತ್ರೆಯ ತಣ್ಣೀರ ತೊಟ್ಟಿಗೆ ಇಳಿಸಬೇಕು. ಹಿಂದೆ ಎತ್ತಿನ ಗಾಡಿಯಲ್ಲಿ ತರುತ್ತಿದ್ದರು, ಅರ್ಧಕ್ಕರ್ಧ ಜನ ಉಳಿಯುತ್ತಿರಲಿಲ್ಲ. ಆ ಕಾರಣಕ್ಕೆ ನಮ್ಮ ಡಾಕ್ಟರ್ ವಾಮನರಾಯರು ಹೊಸ ತುಳಿಬಂಡಿಯೊಂದನ್ನು ಮಾಡಿಸಿದರು. ದೊಡ್ಡ ಹಲ್ಲಿನ ಗಾಲಿ, ಅದನ್ನು ತುಳಿಯಲು ಯಮನೂರಪ್ಪ. ಅವನ ಕಾಲುಗಳು ಗಡಿಯಾರವಿದ್ದ ಹಾಗೆ, ಯಾವತ್ತು ನೋಡಿದರೂ ಅದೇ ವೇಗ. ಮದ್ದಿನ ಸೀಸೆಯನ್ನು ತಂಪು ಮಡಕೆಯಲ್ಲಿಟ್ಟುಕೊಂಡು ಜೊತೆಯಲ್ಲಿ ಕೂರಲು ನರ್ಸ್ ಮಾಬೂಬಿ. ಗೂಡಿನಲ್ಲಿ ಮನುಷ್ಯರನ್ನು ತೂಗುವ ತಕ್ಕಡಿ ಇಲ್ಲ, ಊರಿಗೆಲ್ಲ ತೂಕದ ಕಂಬ ಒಂದೇ, ನನ್ನದು. ಬಂಡಿ ನಿಂತರೆ ಮತ್ತೆ ವೇಗ ಹಿಡಿಯಲು ಹೊತ್ತು ಹೋಗುತ್ತದೆ. ಆದ್ದರಿಂದ ಓಡುತ್ತಲೇ ನನ್ನ ಮುಂದೆ ಹಾಯಬೇಕು, ನಾನು ಕೊಂಬಿನಲ್ಲಿ ಸಂಖ್ಯೆ ಕೂಗಬೇಕು, ಮಾಬೂಬಿ ಅಷ್ಟು ಹನಿ ಎಣಿಸಿ ಹುಣಸೆಮರದ ತಿರುವು ದಾಟಿದ ಮೇಲೆ ಕುಡಿಸಬೇಕು. ತಿರುವಿನ ಕುಲುಕಾಟದಲ್ಲಿ ಮದ್ದು ಚೆಲ್ಲುತ್ತದೆ ಎಂಬ ಕಾರಣಕ್ಕೆ.

ಮೊದಲ ಪರೀಕ್ಷೆಯ ದಿನ ಊರೇ ನೆರೆದಿತ್ತು. ಮಂಚದ ಮೇಲೆ ಎರಡು ಕಿಲೋ ಬೆಲ್ಲದ ಉಂಡೆ ಇಟ್ಟು ಓಡಿಸಿದರು. ನನ್ನ ಸ್ಲೇಟು ಮೂರು ಕಿಲೋ ಎಂದಿತು. ನಾನು ಬಿಗುಮಾನದಿಂದ ಕೂಗಿದೆ, ಜನ ಚಪ್ಪಾಳೆ ಹೊಡೆದರು. ಅಲ್ಲಿಗೆ ನಿಲ್ಲಿಸಬೇಕಿತ್ತು. ನನ್ನ ಕೈ ಸುಮ್ಮನಿರದೆ ಎರಡನೇ ಸುತ್ತಿಗೆ ಬೆಲ್ಲವನ್ನು ಪಕ್ಕದಿಂದ ತಳ್ಳುವ ಬದಲು ಹಿಂದಿನಿಂದ, ಓಟದ ದಿಕ್ಕಿಗೇ ತಳ್ಳಿ ತೋರಿಸಿದೆ. ಆರು ಮುಕ್ಕಾಲು ಕಿಲೋ ಬಂತು.

ವಾಮನರಾಯರು ಕನ್ನಡಕ ಸರಿಪಡಿಸಿಕೊಂಡರು. "ತುಳಜವ್ವ, ಬೆಲ್ಲ ಮೂರ ಕಿಲೋನೋ, ಆರ ಮುಕ್ಕಾಲೋ?"

"ಪಕ್ಕದ್ದು ಖರೇರೀ. ಹಿಂದಿಂದು ಖರೆ ಅಲ್ಲ."

"ಯಾಕ?"

"ಮೊದ್ಲಿಂದ ಹಂಗ ಐತ್ರೀ," ಎಂದೆ. ನನಗೆ ಕಲಿಸಿದ ಮುದುಕಿಯೂ ನನಗೆ ಅಷ್ಟೇ ಹೇಳಿದ್ದಳು.

ಅಷ್ಟರಲ್ಲಿ ಮಾಬೂಬಿ ಬಂಡಿಯಿಂದ ಇಳಿದು ಬಂದಳು. ಇಪ್ಪತ್ತೈದರ ಹುಡುಗಿ, ಕೈಯಲ್ಲಿ ತುದಿಗೆ ಸ್ಪ್ರಿಂಗ್ ಕಟ್ಟಿದ ಒಂದು ಅಳತೆಯ ಬಡಿಗೆ. "ಬಂಡ್ಯಾಗ ಕುಂತು ನಾನೂ ಬೆಲ್ಲ ತಳ್ಳಿ ನೋಡೇನಿ. ಪಕ್ಕದಿಂದ ತಳ್ಳಿದ್ರೂ ಎರಡ, ಹಿಂದಿಂದ ತಳ್ಳಿದ್ರೂ ಎರಡ. ಮನ್ಯಾಗಿದ್ದಷ್ಟ ಐತಿ."

"ನಿನ್ನ ಬಡಿಗಿನೂ ಓಡತಿರ್ತೈತಿ. ಅದಕ್ಕೇನು ತಿಳೀತದ?" ಎಂದೆ.

ಅವಳು ಹಿಂಜರಿಯಲಿಲ್ಲ. "ಇನ್ನೊಂದು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಕಂಬಕ್ಕ ನೀರಿನ ಗಡಿಗಿ ತೂಗಬಿಟ್ಟೀರಲ್ಲ, ಎಂಟ ಕಿಲೋದ್ದು, ಹಾದುಹೋಗೂವಾಗ ಅದಕ್ಕ ಇದ ಬಡಿಗಿಲೆ ಒಂದು ತಳ್ಳು ಕೊಟ್ಟೆ. ಹನ್ನೆರಡ ತೂಗಿತು."

"ನಿಂತ ಗಡಿಗಿ ಹೆಂಗ ಹೆಚ್ಚಾಗ್ತದವಾ?"

"ನನ್ನ ಲೆಕ್ಕಕ್ಕ ಅದು ನಿಂತಿರಲಿಲ್ಲರೀ. ನನ್ನ ಕಡೆ ಓಡಿ ಬರ್ತಿತ್ತು. ಕಂಬಾನೂ ಬರ್ತಿತ್ತು, ನೀವೂ ಬರ್ತಿದ್ರಿ."

"ಅಂದ್ರ ನಾನೂ ಒಂದೂವರಿ ಪಟ್ಟು ಆಗಿದ್ನಾ?"

"ಹೌದ್ರೀ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಶವ್ವನಂತೂ ನೆಲಕ್ಕೆ ಕೂತು ನಕ್ಕಳು. ಮೂವತ್ತು ವರ್ಷ ಅಲುಗದೆ ಕೂತವಳನ್ನು ಓಡಿ ಬಂದಳು, ಊದಿಕೊಂಡಳು ಎಂದರೆ ಯಾರಿಗೆ ತಡೆದೀತು? ನನ್ನ ಕಿವಿ ಬಿಸಿಯಾಯಿತು. ಆ ಸಿಟ್ಟಿನಲ್ಲೇ ನಾನು ಸಂಜೆ ವಾಮನರಾಯರು ಕರೆದಿದ್ದ ಊರಿನ ಸಭೆಗೆ ಹೋದೆ.

ಸಭೆಯಲ್ಲಿ ಪ್ರಶ್ನೆ ಒಂದೇ ಇತ್ತು: ಹನಿ ಎಣಿಸುವುದು ನಿಂತ ತೂಕಕ್ಕೋ, ಓಟದ ತೂಕಕ್ಕೋ? ಹಿಂದಿನ ಗಾಡಿಗಳ ನಿಧಾನಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ ಆಗಿದ್ದರಿಂದ ಯಾರೂ ಕೇಳಿರಲಿಲ್ಲ. ಮಾಬೂಬಿ ನಿಂತ ತೂಕ ಎಂದಳು. ನಾನು ಎದ್ದು ನಿಂತೆ. "ಮದ್ದು ಹೊಟ್ಟಿಗೆ ಇಳಿಯೂ ಹೊತ್ತಿನ್ಯಾಗ ಮನಶ್ಯಾ ಎಷ್ಟು ತೂಗ್ತಾನೋ ಅಷ್ಟು ಹನಿ ಕೊಡಬೇಕು. ಇದ್ರಾಗ ಮಾತೇನೈತಿ? ಇಲ್ಲಾಂದ್ರ ಓಡೂ ಮುಂದ ತೂಗೂ ಕಂಬ ಯಾಕ ಬೇಕು, ನಾ ಯಾಕ ಬೇಕು?" ನನ್ನ ಮೂವತ್ತು ವರ್ಷದ ಮುಂದೆ ಅವಳ ಒಂದು ಬಡಿಗೆ ನಿಲ್ಲಲಿಲ್ಲ. ಕಂಬ ಕೂಗುವುದು ಓಟದ ತೂಕ, ನರ್ಸ್ ಅಷ್ಟೇ ಹನಿ ಕೊಡತಕ್ಕದ್ದು ಎಂದು ನಿಯಮವಾಯಿತು. ಹೊರಗೆ ಬರುವಾಗ ಮಾಬೂಬಿ ನನ್ನ ಮುಖಕ್ಕೇ ಹೇಳಿದಳು: "ನೀವು ಏನರ ಕೂಗ್ರಿ. ನಾ ಅದ್ರಾಗ ಮೂರ್ನೇ ಒಂದು ಪಾಲು ತೆಗೆದ ಕೊಡ್ತೀನಿ. ನೌಕರಿ ಹೋದ್ರ ಹೋಗ್ಲಿ."

"ಕೊಟ್ಟು ನೋಡು," ಎಂದು ನಾನು ಸೆರಗು ಕೊಡವಿಕೊಂಡು ಬಂದೆ.

ಮೂರು ವಾರ ಯಾರಿಗೂ ಏನೂ ಕಚ್ಚಲಿಲ್ಲ. ಮಾಬೂಬಿ ಬಂಡಿಯ ಜೊತೆ ಗೂಡಿನ ಬಳಿಯೇ ಕಾಯುತ್ತಿದ್ದಳು, ನಾನು ನನ್ನ ಕಂಬದಲ್ಲಿ. ಒಂದು ಗುರುವಾರ, ನೆರಳು ಕಾಲ ಕೆಳಗೆ ಬಂದಿದ್ದ ಹೊತ್ತು, ಗೂಡಿನಿಂದ ಕಂಬದವರೆಗೆ ಹಾಕಿರುವ ಕೂಗುಕೊಳವೆಯಲ್ಲಿ ಕಾವಲುಗಾರನ ದನಿ ಬಂತು.

"ಕರಿಗೊಂಡಿ ಕಡದೈತಿ! ಬಂಡಿ ಹೊಂಟೈತಿ!"

"ಯಾರಿಗೆ?"

ಕಾವಲುಗಾರ ದನಿ ತಗ್ಗಿಸಿದ. "ತುಳಜಕ್ಕಾ, ಗಟ್ಟಿ ಆಗು. ನಿಮ್ಮ ಕಾಶವ್ವಗ."

ಕೊಳವೆ ಬಿಟ್ಟು ಓಡಿ ಸ್ಲೇಟು ಒರೆಸಿದೆ. ಸ್ಪ್ರಿಂಗ್ ತೋಳನ್ನು ಹಿಂದಕ್ಕೆ ಎಳೆದು ಸಿಕ್ಕಿಸಿದೆ. ಬಂಡಿ ಬರಲು ಹತ್ತು ನಿಮಿಷ. ಬಂದರೆ ತೂಗಬೇಕು, ಕೂಗಬೇಕು. ಮೂವತ್ತು ವರ್ಷ ಮಾಡಿದ್ದೇ. ಆದರೆ ಈಗ ಮಂಚದ ಮೇಲೆ ಬರುವುದು ಬೆಲ್ಲವಲ್ಲ. ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿತು. ಗಡಿಗೆ ಬಗ್ಗಿಸಿ ಒಂದು ಲೋಟ ನೀರು ಕುಡಿದೆ. ಕುಡಿಯುತ್ತಾ ಕುಡಿಯುತ್ತಾ ಕೈ ಅಲ್ಲೇ ನಿಂತಿತು.

ಇದೇ ಗಡಿಗೆ. ಮಾಬೂಬಿ ಹನ್ನೆರಡು ಎಂದದ್ದು ಇದನ್ನೇ. ಅವಳು ಸುಳ್ಳು ಹೇಳುವವಳಲ್ಲ, ಅದು ನನಗೆ ಅಂದೇ ಗೊತ್ತಿತ್ತು, ಒಪ್ಪಿಕೊಳ್ಳುವ ಮನಸ್ಸಿರಲಿಲ್ಲ ಅಷ್ಟೇ. ಅವಳು ಹಾದುಹೋದಾಗ ಇದು ಅವಳಿಗೆ ಹನ್ನೆರಡು ತೂಗಿತು. ಆದರೆ ಇದರಲ್ಲಿ ಒಂದು ತೊಟ್ಟು ನೀರು ಹೆಚ್ಚಾಗಲಿಲ್ಲ. ಅಂದೂ ಇದರಲ್ಲಿ ಹಿಡಿದದ್ದು ಎಂಟು ಲೋಟ, ಇಂದೂ ಎಂಟೇ ಲೋಟ. ಯಾರೋ ಪಕ್ಕದಲ್ಲಿ ಓಡಿಹೋದರೆ ನನ್ನ ಗಡಿಗೆ ತುಂಬುವುದಿಲ್ಲ. ಹಾಗಿದ್ದ ಮೇಲೆ ನನ್ನ ಪಕ್ಕದಲ್ಲಿ ಓಡಿಹೋದ ಮಾತ್ರಕ್ಕೆ ಕಾಶವ್ವನ ಮೈಯಲ್ಲಿ ಒಂದು ತೊಟ್ಟು ರಕ್ತ ಹೇಗೆ ಹೆಚ್ಚಾದೀತು? ಮತ್ತೆ ಆ ಬೆಲ್ಲ. ಪಕ್ಕದಿಂದ ಮೂರು, ಹಿಂದಿನಿಂದ ಆರು ಮುಕ್ಕಾಲು. ತಳ್ಳಿದ ದಿಕ್ಕಿಗೆ ತಕ್ಕಂತೆ ಬದಲಾಗುವ ಸಂಖ್ಯೆ ಬೆಲ್ಲದ್ದು ಹೇಗಾದೀತು! ಅದು ಬೆಲ್ಲದ ಒಳಗಿನ ಮಾತಲ್ಲ. ಓಡುವುದಕ್ಕೂ ನಿಂತು ನೋಡುವ ನನಗೂ ನಡುವಿನ ಮಾತು.

ಆಮೇಲೆ ಇನ್ನೊಂದು ಹೊಳೆಯಿತು, ಹೊಳೆದದ್ದೇ ನಾನು ಒಬ್ಬಳೇ ಕೂಗಿಬಿಟ್ಟೆ. ಹನಿ! ಮದ್ದಿನ ಹನಿಯೂ ಬಂಡಿಯಲ್ಲೇ ಇದೆ! ಕಾಶವ್ವ ನನ್ನ ಕಣ್ಣಿಗೆ ಒಂದೂವರೆ ಪಟ್ಟಾದರೆ ಪ್ರತಿ ಹನಿಯೂ ಒಂದೂವರೆ ಪಟ್ಟಾಗಿದೆ. ಇಬ್ಬರೂ ಜೊತೆಗೆ ಓಡುತ್ತಿದ್ದಾರೆ. ಹನಿಗೂ ಅವಳಿಗೂ ನಡುವೆ ಓಟವೇ ಇಲ್ಲ. ಇಷ್ಟು ಸರಳ ಮಾತು! ಇದನ್ನು ತಿಳಿಯದೆ ನಾನು ಸಭೆಯಲ್ಲಿ ಎದ್ದು ನಿಂತು ತಂಗಿಯ ಸಾವಿಗೆ ನಿಯಮ ಬರೆಸಿದ್ದೆ. ಲೋಟ ಎಸೆದು ಕೊಂಬನ್ನು ಕೈಗೆತ್ತಿಕೊಂಡೆ.

ಹಳಿ ಗುಯ್ ಎಂದಿತು. ಬಂಡಿ ಬಂದೇ ಬಿಟ್ಟಿತು. ಯಮನೂರಪ್ಪನ ಬಗ್ಗಿದ ಬೆನ್ನು, ಮಾಬೂಬಿಯ ಬಿಳಿ ಸೀರೆ, ಮಂಚದ ಮೇಲೆ ಕುತ್ತಿಗೆಯವರೆಗೆ ಕೌದಿ ಹೊದ್ದ ಒಂದು ಆಕಾರ. ಮುಖ ಊದಿ ನನ್ನ ತಂಗಿಯೆಂದು ಗುರುತೇ ಸಿಗಲಿಲ್ಲ. ತೋಳು ತಳ್ಳಿತು, ಸುಣ್ಣದ ಕಡ್ಡಿ ಕಿರ್ ಎಂದು ಗೆರೆ ಎಳೆಯಿತು. ಗಿಡ್ಡ ಗೆರೆ. ತೊಂಬತ್ತು.

ನಿಯಮದ ಪ್ರಕಾರ ಕೂಗಬೇಕಾದದ್ದು ತೊಂಬತ್ತು. ಯಮನೂರಪ್ಪನ ವೇಗಕ್ಕೆ ಒಂದೂವರೆ ಪಟ್ಟು, ಎಂದರೆ ನಿಂತ ತೂಕ ಅರವತ್ತು. ನಾನು ತಪ್ಪಿದ್ದರೆ? ಹತ್ತು ನಿಮಿಷದಲ್ಲಿ ಗಡಿಗೆ ಮುಂದೆ ನಿಂತು ಕಂಡುಕೊಂಡದ್ದು ಮೂವತ್ತು ವರ್ಷದ ಸ್ಲೇಟಿಗಿಂತ ದೊಡ್ಡದೇ? ಯೋಚಿಸಲು ಹೊತ್ತಿರಲಿಲ್ಲ. ಕೊಂಬು ಬಾಯಿಗಿಟ್ಟು ಇದ್ದಬದ್ದ ಉಸಿರನ್ನೆಲ್ಲ ಹಾಕಿ ಕೂಗಿದೆ: "ಅರವತ್ತು! ಅರವತ್ತು!"

ಮಾಬೂಬಿ ಕೈ ಎತ್ತಿ ಕೇಳಿಸಿತೆಂದು ಸನ್ನೆ ಮಾಡಿದಳು. ಬಂಡಿ ದೂರವಾಯಿತು. ನಾನು ಕೊಂಬು ಕೆಳಗಿಟ್ಟು ಉಸಿರು ಬಿಟ್ಟೆ. ಬಿಟ್ಟ ಉಸಿರನ್ನು ಒಳಗೆ ಎಳೆದುಕೊಳ್ಳುವ ಮೊದಲೇ ಅವಳ ಮಾತು ನೆನಪಾಯಿತು. ನೀವು ಏನರ ಕೂಗ್ರಿ, ನಾ ಅದ್ರಾಗ ಮೂರ್ನೇ ಒಂದು ಪಾಲು ತೆಗೆದ ಕೊಡ್ತೀನಿ.

ಅರವತ್ತರಲ್ಲಿ ಮೂರನೇ ಒಂದು ಪಾಲು ಹೋದರೆ ನಲವತ್ತು. ಕಂಬ ಕೂಗುವುದು ಯಾವತ್ತೂ ಓಟದ ತೂಕವೇ. ಅದಕ್ಕೇ ನಮ್ಮಲ್ಲಿ ಸಂಖ್ಯೆಯ ಮುಂದೆ ಇದು ಯಾವ ತೂಕ ಎಂದು ಹೇಳುವ ಪದ್ಧತಿಯೇ ಇಲ್ಲ. ನಾನೂ ಹೇಳಲಿಲ್ಲ. ಕೌದಿಯೊಳಗೆ ಇರುವುದು ಅರವತ್ತರ ಹೆಂಗಸೋ ನಲವತ್ತರ ಹೆಂಗಸೋ ಮಾಬೂಬಿಗೆ ಹೇಗೆ ತಿಳಿಯಬೇಕು? ಅವಳ ಬಡಿಗೆಗೆ ಮನುಷ್ಯರನ್ನು ತೂಗುವಷ್ಟು ಬಲವಿಲ್ಲ. ಅವಳು ನಲವತ್ತು ಹನಿ ಎಣಿಸುತ್ತಾಳೆ, ಕಾಶವ್ವ ಸಾಯುತ್ತಾಳೆ. ಇಬ್ಬರೂ ಸರಿ ತಿಳಿದುಕೊಂಡು ಒಬ್ಬಳನ್ನು ಕೊಲ್ಲುತ್ತೇವೆ!

ಪಕ್ಕದ ಹಳಿಯ ಮೇಲೆ ಬೆಲ್ಲದ ಪರೀಕ್ಷೆಗೆ ತಂದಿದ್ದ ಸಣ್ಣ ತುಳಿಬಂಡಿ ನಿಂತಿತ್ತು. ಅದರ ತುಂಬ ಹಿತ್ತಾಳೆಯ ತೂಕದ ಬಟ್ಟುಗಳು. ಒಂದೊಂದೇ ಎತ್ತಿ ಹೊರಗೆಸೆದೆ. ಬಿಡಿ ಚಕ್ರ, ಸರಪಳಿ, ಕೂರುವ ಹಲಗೆಯ ಮೆತ್ತೆ, ಎಲ್ಲ ಎಸೆದೆ. ಐವತ್ತೆರಡು ವರ್ಷದ ಹೆಂಗಸು, ಸೀರೆಯನ್ನು ಕಚ್ಚೆ ಹಾಕಿ ಕಟ್ಟಿ, ಹುಟ್ಟಿದ ಮೇಲೆ ಮೊದಲ ಸಲ ಬಂಡಿ ಹತ್ತಿ ತುಳಿಯತೊಡಗಿದೆ.

ಮೊದಲ ನೂರು ತುಳಿತಕ್ಕೆ ಬೇಲಿಗೂಟಗಳು ಸರಸರ ಹಿಂದೆ ಸರಿದವು. ಮುಂದಿನ ನೂರಕ್ಕೆ ಇನ್ನೂ ಜೋರಾದವು, ಆದರೆ ಅಷ್ಟೇನೂ ಅಲ್ಲ. ಆಮೇಲಿನ ನೂರಕ್ಕೆ ಕೊಂಚ. ಆಮೇಲೆ ಎಷ್ಟು ತುಳಿದರೂ ಗೂಟಗಳು ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಈರುಳ್ಳಿ ಹೊಲದ ಹೆಂಗಸರು ಎದ್ದು ನಿಂತು, "ಅಯ್ಯ, ತುಳಜವ್ವ ನೋಡ್ರೇ! ತುಳಜವ್ವ ಓಡಾಕತ್ತಾಳ!" ಎಂದು ಕಿರುಚಿದರು. ದನ ದಾಟುವಲ್ಲಿ ಹಳಿಗೆ ಅಡ್ಡ ಹಾಕಿದ್ದ ಹಲಗೆ ನನ್ನ ಬಂಡಿಗೆ ತಗುಲಿ ಚೂರುಚೂರಾಯಿತು. ಅವರ ಕಣ್ಣಿಗೆ ನಾನು ಗುಂಡುಕಲ್ಲಿನಷ್ಟು ಭಾರವಾಗಿದ್ದಿರಬೇಕು. ಆದರೆ ಆಶ್ಚರ್ಯ ಕೇಳಿ: ನನಗೆ ನಾನು ಭಾರವಾಗಿರಲೇ ಇಲ್ಲ! ಕೈ ಎತ್ತಿದರೆ ಕೈ ಏಳುತ್ತಿತ್ತು, ಸೆರಗು ಹಾರುತ್ತಿತ್ತು, ಕಾಲುಂಗುರ ಕಾಲುಂಗುರದಷ್ಟೇ ಇತ್ತು. ಮನೆಯಲ್ಲಿ ನೀರು ತರುವ ತುಳಜವ್ವನೇ ನಾನು. ಮಾಬೂಬಿ ಹೇಳಿದ ಹಾಗೆಯೇ ಹೊಲ, ಬೇಲಿ, ಕಿರುಚುವ ಹೆಂಗಸರು ನನ್ನ ಕಡೆ ನುಗ್ಗಿ ಬರುತ್ತಿದ್ದರು. ಅಂಥ ಹೊತ್ತಿನಲ್ಲೂ ನನಗೆ ನಗು ಬಂತು. ಎಂಥ ಚೆಂದದ ಮಾತನ್ನು ಮೂವತ್ತು ವರ್ಷ ಕೂತು ಕಳೆದುಕೊಂಡಿದ್ದೆ!

ಹುಣಸೆಮರದ ತಿರುವು ಕಂಡಿತು. ಯಮನೂರಪ್ಪ ಅಲ್ಲಿ ವೇಗ ತಗ್ಗಿಸಲು ಯಾವಾಗಲೂ ಬಿರಿ ಹಾಕುತ್ತಾನೆ, ಓಟದಲ್ಲಿರುವ ಬಂಡಿ ಸುಲಭವಾಗಿ ತಿರುಗುವುದಿಲ್ಲ. ಅವನು ಹಾಕಿದ, ನಾನು ಹಾಕಲಿಲ್ಲ. ನನ್ನದು ಖಾಲಿ ಬಂಡಿ, ಜೊತೆಗೆ ಖಾಲಿ ಬುದ್ಧಿ ಎಂದು ಯಮನೂರಪ್ಪ ಇಂದಿಗೂ ಬೈಯುತ್ತಾನೆ. ಒಳಮಗ್ಗುಲಿಗೆ ಪೂರ್ತಿ ಜೋತುಬಿದ್ದೆ. ಹೊರಗಿನ ಎರಡು ಗಾಲಿ ಕೆಂಡ ಕಾರಿದವು, ಒಳಗಿನ ಎರಡು ಹಳಿ ಬಿಟ್ಟು ಮೇಲೆದ್ದವು. "ಬೀಳಬ್ಯಾಡ, ಬೀಳಬ್ಯಾಡ," ಎಂದು ಬಂಡಿಗೆ ಹೇಳಿದೆನೋ ನನಗೆ ಹೇಳಿಕೊಂಡೆನೋ. ಧಡ್ ಎಂದು ಗಾಲಿಗಳು ಹಳಿಗೆ ಕೂತವು. ನಡುವಿನ ಅಂತರ ಮುಗಿದಿತ್ತು. ತಿರುವು ದಾಟಿ ಯಮನೂರಪ್ಪ ಮತ್ತೆ ತುಳಿದು ತನ್ನ ವೇಗಕ್ಕೆ ಬಂದಾಗ ನನ್ನ ಬಂಡಿ ಅವನ ಬಂಡಿಯ ಮಗ್ಗುಲಲ್ಲೇ ಇತ್ತು.

ಆಗ ಎಲ್ಲವೂ ನಿಂತುಬಿಟ್ಟಿತು. ಜಗತ್ತೆಲ್ಲ ಓಡುತ್ತಿತ್ತು, ನಾವು ನಾಲ್ವರು ನಿಂತಿದ್ದೆವು. ಜಗಲಿಯ ಮೇಲೆ ಪಕ್ಕಪಕ್ಕ ಕೂತವರ ಹಾಗೆ ನಾನು ಕೈ ಚಾಚಿದರೆ ತಂಗಿಯ ಮಂಚ ಸಿಗುತ್ತಿತ್ತು. ಮಾಬೂಬಿ ಒಂದು ಕೈಯಲ್ಲಿ ಕಾಶವ್ವನ ತಲೆ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಬಟ್ಟಲನ್ನು ತುಟಿಗೆ ತಂದಿದ್ದಳು.

"ತಡೀ! ಮಾಬೂಬಿ, ತಡೀ!"

ಅವಳು ಬೆಚ್ಚಿ ತಿರುಗಿದಳು. ಕಣ್ಣು ಗುಡ್ಡೆ ಹೊರಗೆ ಬರುವಷ್ಟು ಅಗಲವಾದವು. "ತುಳಜಕ್ಕಾ? ನೀವಾ? ಬಂಡ್ಯಾಗ?"

"ಎಷ್ಟು ಹಾಕೀದಿ?"

"ನಲವತ್ತು! ನಾ ಅಂದ ಹೇಳಿದ್ನಲ್ಲರೀ, ತಗದ ಕೊಡ್ತೀನಂತ! ನೀವು ತಡದ್ರೂ..."

"ತೆಗೀಬ್ಯಾಡ! ನಾ ಕೂಗಿದ್ದು ನಿಂತ ತೂಕ! ಅರವತ್ತು ನಿಂತ ತೂಕ! ಸ್ಲೇಟಿನ್ಯಾಗ ತೊಂಬತ್ತು ಬಂದಿತ್ತು!"

ಅವಳಿಗೆ ನಂಬಿಕೆ ಬರಲಿಲ್ಲ. ಬರುವುದಾದರೂ ಹೇಗೆ? "ನೀವು ನಿಂತ ತೂಕ ಕೂಗಿದ್ರಾ? ನೀವು? ಯಾಕ್ರೀ?"

"ಹನಿನೂ ಓಡಾಕತ್ತೈತಲ್ಲ ತಂಗಿ!"

ಮಾಬೂಬಿಯ ಮುಖ ಅರಳಿತು. ಆದರೂ ಅವಳ ಕೈ ಇನ್ನೂ ತಡೆದೇ ಇತ್ತು, ಒಂದೇ ಗುಟುಕಿನ ಮದ್ದು ಅದು. ನಾನು ಕೈ ಚಾಚಿ, ಕಂಬದ ತೋಳು ಕೊಡುವಷ್ಟೇ ಹದವಾಗಿ ಮಂಚವನ್ನು ಪಕ್ಕಕ್ಕೆ ತಳ್ಳಿದೆ. ಮೂವತ್ತು ವರ್ಷ ಆ ತಳ್ಳನ್ನು ನೋಡಿದವಳ ಕೈ, ತಪ್ಪುವುದಿಲ್ಲ. ಗಿಡ್ಡ ಗೆರೆಯ ಮಂಚ ಈಗ ಹಗುರಾಗಿ, ಉದ್ದಕ್ಕೆ,‌ ಒಂದು ಗೇಣಿನ ಮೇಲೆ ನಾಲ್ಕು ಬೆರಳು ದೂರ ತೂಗಾಡಿತು. ನಿಂತ ಅರವತ್ತರ ಗೆರೆ ಅಷ್ಟೇ ಉದ್ದ. ನನ್ನ ಕಣ್ಣೆದುರೇ, ಪೂರ್ತಿ ಓಟದಲ್ಲಿ, ನನ್ನ ತಂಗಿ ಅರವತ್ತೇ ಇದ್ದಳು.

"ಅರವತ್ತು," ಎಂದಳು ಮಾಬೂಬಿಯೂ, ಅದನ್ನು ನೋಡಿ. ನಗುತ್ತಾ, ಕಣ್ಣೀರು ಸುರಿಸುತ್ತಾ ಇನ್ನೂ ಇಪ್ಪತ್ತು ಹನಿ ಗಟ್ಟಿಯಾಗಿ ಎಣಿಸಿದಳು. ನಾನೂ ಜೊತೆಗೆ ಎಣಿಸಿದೆ. ಯಮನೂರಪ್ಪ ತುಳಿಯುತ್ತಲೇ ಎಣಿಸಿದ. ಇಪ್ಪತ್ತಾಗುತ್ತಲೇ ಬಟ್ಟಲು ಕಾಶವ್ವನ ಬಾಯಿಗೆ ಹೋಯಿತು. ಅವಳ ಗಂಟಲು ಒಮ್ಮೆ ಏರಿ ಇಳಿಯಿತು.

ಸಂಜೆಯವರೆಗೆ ನಾನು ಆಸ್ಪತ್ರೆಯ ತೊಟ್ಟಿಯ ಪಕ್ಕದಲ್ಲೇ ಕೂತಿದ್ದೆ. ವಾಮನರಾಯರು ಬಂದಾಗ ಎದ್ದು ನಿಂತು ಎಲ್ಲ ಒಪ್ಪಿಕೊಂಡೆ: ಸ್ಲೇಟು ತೊಂಬತ್ತು ತೋರಿಸಿತ್ತು, ನಾನು ನಿಯಮ ಮುರಿದು ಅರವತ್ತು ಕೂಗಿದೆ, ನಿಯಮ ಮಾಡಿಸಿದವಳೂ ನಾನೇ, ಮಾಬೂಬಿ ಮೊದಲೇ ಸರಿ ಹೇಳಿದ್ದಳು. ಕೊನೆಯ ಮಾತನ್ನು ಮಾತ್ರ ಸ್ವಲ್ಪ ಮೆಲ್ಲಗೆ ಹೇಳಿದೆ. ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. "ಹಂಗಾರ ಓಟದ ತೂಕ ಸುಳ್ಳೇನು?" ಎಂದು ಕೇಳಿದರು.

"ಸುಳ್ಳಲ್ಲರೀ. ದನದ ದಾರಿ ಹಲಗೀನ ಕೇಳ್ರಿ, ಎಷ್ಟು ಖರೆ ಅಂತ ಹೇಳ್ತೈತಿ. ಆದ್ರ ಅದು ನಿಂತು ನೋಡವ್ರ ತೂಕ. ಮದ್ದು ನಿಂತಿರಂಗಿಲ್ಲ."

ಅವರು ತಲೆಯಾಡಿಸಿ, ಮರುದಿನದ ಸಭೆಗೆ ನನ್ನನ್ನೂ ಮಾಬೂಬಿಯನ್ನೂ ಕರೆದು ಹೋದರು. ಈಗ ಕಂಬ ಯಾವ ಸಂಖ್ಯೆ ಕೂಗಿದರೂ ಮೊದಲು ಯಾವ ತೂಕ ಎಂದು ಹೇಳಿ ಆಮೇಲೆ ಸಂಖ್ಯೆ ಹೇಳಬೇಕು. ಹನಿಗೆ ನಿಂತ ತೂಕ, ತಿರುವಿನ ಬಿರಿಗೆ ಓಟದ ತೂಕ. ವಾರಕ್ಕೊಮ್ಮೆ ನಾನು ಬಂಡಿ ಹತ್ತುತ್ತೇನೆ, ಆಗ ಮಾಬೂಬಿ ನನ್ನ ಕಂಬದಲ್ಲಿ ಕೂತು ನನ್ನನ್ನು ತೂಗುತ್ತಾಳೆ. ಅವಳ ಗೆರೆ ಓದುವ ಕೈ ಇನ್ನೂ ಪಳಗಿಲ್ಲ, ಅದನ್ನು ಹೇಳದೆ ಬಿಡುವವಳು ನಾನಲ್ಲ.

ಆದರೆ ಅದೆಲ್ಲ ಆಮೇಲಿನ ಮಾತು. ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ಕಾಶವ್ವ ಕಣ್ಣು ಬಿಟ್ಟಳು. ಊತ ಇಳಿದು ಮತ್ತೆ ನನ್ನ ತಂಗಿಯ ಮುಖವಾಗಿತ್ತು. ನಾನು ಏನೋ ಹೇಳಲು ಹೋದೆ, ಅಳು ಬಂದುಬಿಟ್ಟಿತು. ಅವಳು ಒದ್ದೆ ಕೈಯಿಂದ ನನ್ನ ಕೈ ಹಿಡಿದಳು.

"ಕಡೀಕೂ ತೂಗೇ ಬಿಟ್ಟೀ ನನ್ನ," ಎಂದಳು. ದನಿ ಇನ್ನೂ ಬತ್ತಿತ್ತು. "ಎಷ್ಟು ಬಂದೆ?"

"ಕಂಬದಾಗ ಕುಂತು ನೋಡಿದಾಗ ತೊಂಬತ್ತು. ನಿನ್ನ ಜೋಡಿ ಓಡಿ ನೋಡಿದೆ, ಅರವತ್ತ ಇದ್ದೀ. ಮನ್ಯಾಗ ಇದ್ದಷ್ಟ."

"ಜೋಡಿ ಓಡಿದ್ಯಾ? ನೀನಾ?"

"ಹೂಂ."

ಅವಳು ನನ್ನ ಮುಖವನ್ನೇ ನೋಡಿದಳು. ಕಚ್ಚೆ ಹಾಕಿದ ಸೀರೆ, ಗ್ರೀಸು ಮೆತ್ತಿದ ಕೈ, ಬಿಚ್ಚಿಹೋದ ತುರುಬು, ಎಲ್ಲವನ್ನೂ ನೋಡಿದಳು. ಅವಳ ತುಟಿಯ ಮೂಲೆಯಲ್ಲಿ ಹಳೆಯ ಕೀಟಲೆಯ ನಗು ನಿಧಾನವಾಗಿ ಮೂಡಿತು.

"ಊರಾಗ ಅರವತ್ತಂತ ಹೇಳು, ಅಡ್ಡಿಯಿಲ್ಲ. ಆದ್ರ ಬಾಳ ಹಸಿವಾಗೇತಿ ಅಕ್ಕಾ, ರೊಟ್ಟಿ ಮಾತ್ರ ತೊಂಬತ್ತರ ಲೆಕ್ಕದಾಗ ತಾ."

ಅಂದು ಮೊದಲ ಸಲ ನಾನು ರೊಟ್ಟಿ ಬಡಿದೆ. ಒಂದೂ ದುಂಡಗೆ ಬರಲಿಲ್ಲ, ಅವಳು ಒಂಬತ್ತು ತಿಂದಳು.